ಗಡುವಿನೊಳಗೆ ಬಾರದ ಅಂಗಡಿಗಳು

ಕಂಪ್ಯೂಟರ್ ಕೆಲಸದಲ್ಲಿ ಮನುಷ್ಯರ ಗೋಜಿಲ್ಲ ಎಂದು ನಂಬಿ ಸೇರಿದೆ. ಸೇರಿದ ಮೇಲೆ ನೋಡಿದರೆ ಗೋಜೆಲ್ಲ ಮನುಷ್ಯರದ್ದೇ.

ನಮ್ಮದು ಬಟ್ಟೆ ಅಂಗಡಿ. ಬಂಟ್ವಾಳದ ಮುಖ್ಯ ಅಂಗಡಿಯ ಮಹಡಿಯಲ್ಲಿ ಸರ್ವರ್, ಪಕ್ಕದ ಕೋಣೆಯಲ್ಲಿ ಒಬ್ಬನೇ ನಾನು. ಇಲ್ಲಿ ಬದಲಾದ ದರ, ದಾಸ್ತಾನು ಎಲ್ಲವೂ ಮೂಡಬಿದ್ರೆ, ಬೆಳ್ತಂಗಡಿ ಶಾಖೆಗಳ ಕಂಪ್ಯೂಟರಿಗೆ ನಕಲಾಗಬೇಕು. ಶಾಖೆ ಸಂಪರ್ಕಕ್ಕೆ ಸಿಗದಿದ್ದರೆ ಸರ್ವರ್ ಆ ಬದಲಾವಣೆಗಳನ್ನು ಒಂದು ವಾರ ಎತ್ತಿಟ್ಟುಕೊಂಡು ಕಾಯುತ್ತದೆ. ಆಮೇಲೆ ಅಳಿಸಿಹಾಕಿ, ಅಂಥ ಶಾಖೆಯೇ ಇಲ್ಲವೆಂದು ತೀರ್ಮಾನಿಸುತ್ತದೆ. ನಾನು ಹೋಗಿ ಮೊದಲಿಂದ ಎಲ್ಲ ತುಂಬಿಸಬೇಕು.

ಪೂಜೆ

ಆಯುಧಪೂಜೆ ಕಳೆದರೂ ಮೂಡಬಿದ್ರೆಯ ಪತ್ತೆಯಿಲ್ಲ. ವಾರ ದಾಟಿತು, ಸರ್ವರ್ ಕೈಬಿಟ್ಟಿತು. ಬಸ್ ಹಿಡಿದು ಹೋದೆ. ಕಂಪ್ಯೂಟರಿನ ಮೇಲೆ ಕುಂಕುಮ, ಒಣಗಿದ ಸೇವಂತಿಗೆ ಮಾಲೆ. ಬಿಲ್ಲನ್ನೆಲ್ಲ ಕೈಯಲ್ಲಿ ಬರೆಯುತ್ತಿದ್ದರು.

“ಆನ್ ಮಾಡ್ಲಿಲ್ಲ ಯಾಕೆ?” ಎಂದೆ.

“ಮಾಲೆ ತೆಗೀಲಿಕ್ಕೆ ಭಟ್ರು ಹೇಳ್ಲಿಲ್ಲ ಸರ್,” ಎಂದರು ಮ್ಯಾನೇಜರ್.

“ಭಟ್ರಿಗೆ ಒಂದು ಫೋನ್ ಮಾಡ್ಬಹುದಿತ್ತಲ್ಲ?”

“ಮಾಡಿದೆವು. ಕಂಪ್ಯೂಟರಿನವರನ್ನು ಕೇಳಿ ಅಂದ್ರು.”

ಸಿಡಿಲು

ಬೆಳ್ತಂಗಡಿ ಶಾಖೆ ನೋಡಿಕೊಳ್ಳುವ ಅಕ್ಕ, ಘಟ್ಟದ ಕಡೆ ಒಮ್ಮೆ ಗುಡುಗಿದರೆ ಸಾಕು, ಅಂಗಡಿಯ ವೈರೆಲ್ಲ ಕಿತ್ತು ಸುತ್ತಿಡುತ್ತಾರೆ. ಮತ್ತೆ ಹಾಕುವಾಗ ಫ್ಯಾನು ನೆನಪಾಗುತ್ತದೆ, ಇಂಟರ್ನೆಟ್ಟು ನೆನಪಾಗುವುದಿಲ್ಲ. ಒಮ್ಮೆ ಗಡುವು ಹತ್ತಿರ ಬಂದಾಗ ಫೋನ್ ಮಾಡಿ ಗೋಗರೆದೆ.

“ಅಕ್ಕ, ನಾಳೆ ಸರ್ವರ್ ನಿಮ್ಮನ್ನು ಅಳಿಸಿ ಹಾಕ್ತದೆ.”

“ಹಾಕ್ಲಿ ಸರ್. ಅದು ಅಳಿಸಿದ್ರೆ ನೀವು ಬಂದು ಸರಿ ಮಾಡ್ತೀರಿ. ಸಿಡಿಲು ಬಡಿದ್ರೆ ಯಾರು ಬರ್ತಾರೆ?”

ಗಡುವು

ಕೊನೆಗೆ ಬೇಸತ್ತು ಗಡುವನ್ನು ಒಂದು ತಿಂಗಳಿಗೆ ಏರಿಸಿ, ಶಾಖೆಗಳಿಗೂ ತಿಳಿಸಿದೆ. ತಾಪತ್ರಯ ಮುಗಿಯಿತು, ಜೊತೆಗೆ ಫೋನೂ ನಿಂತಿತು. ಯಾವ ಊರಿಗೂ ಹೋಗಬೇಕಾಗಿಲ್ಲ. ಹೋಟೆಲಿನಲ್ಲಿ “ಒಂದು ಊಟ” ಎಂದದ್ದು ಬಿಟ್ಟರೆ ದಿನವಿಡೀ ಮಾತಿಲ್ಲ. ಎಲ್ಲ ಸರಿ ಇರುವುದು ಇಷ್ಟು ಬೇಸರದ ಸಂಗತಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಒಂದು ಮಧ್ಯಾಹ್ನ ತಡೆಯಲಾಗದೆ ನಾನೇ ಬೆಳ್ತಂಗಡಿಗೆ ಫೋನ್ ಮಾಡಿದೆ.

“ಅಕ್ಕ, ಅಲ್ಲಿ ಗುಡುಗು ಏನಾದರೂ ಉಂಟಾ?”

“ಜನವರಿಯಲ್ಲಿ ಎಂಥ ಗುಡುಗು ಮಾರಾಯ್ರೆ?”

ಫೋನ್ ಇಡಲು ಮನಸ್ಸಾಗಲಿಲ್ಲ.

“ಊಟ ಆಯ್ತಾ ಸರ್?”

“ಇಲ್ಲ ಅಕ್ಕ.”

“ಹಾಗಾದ್ರೆ ಈಗಲೇ ವೈರ್ ತೆಗೆದು ಇಡ್ತೇನೆ. ನಾಳೆ ಸರಿ ಮಾಡ್ಲಿಕ್ಕೆ ಬನ್ನಿ. ಬಂಗುಡೆ ಮೀನಿನ ಪುಳಿಮುಂಚಿ ಮಾಡಿ ತರ್ತೇನೆ, ಒಟ್ಟಿಗೆ ಊಟ ಮಾಡುವ. ತಡ ಮಾಡ್ಬೇಡಿ, ತಿಂಗಳುಗಟ್ಲೆ ಕಾಯ್ಲಿಕ್ಕೆ ಬಂಗುಡೆ ನಿಮ್ಮ ಸರ್ವರ್ ಅಲ್ಲ.”