ಆರು ವೋಲ್ಟಿನ ಕೈ

ಲಿಫ್ಟ್ ಮೆಕ್ಯಾನಿಕ್‌ನ ಹತ್ತಿರ ಸರಿಯಾದ ಪವರ್ ಸಪ್ಲೈ ಇರಲಿಲ್ಲ. ಕೆಲಸವೂ ಇರಲಿಲ್ಲ, ಹೋಗಿ ಏಳು ತಿಂಗಳಾಗಿತ್ತು. ಆ ಏಳು ತಿಂಗಳಲ್ಲಿ ಅವನು ಆರು ಪುಟ್ಟ ಮೋಟಾರು, ಅವನ್ನು ಕುಣಿಸುವ ಒಂದು ಬೋರ್ಡು ಸೇರಿಸಿ ಅಡುಗೆಮನೆ ಮೇಜಿನ ಮೇಲೆ ಪ್ಲಾಸ್ಟಿಕ್ ಕೈಯೊಂದನ್ನು ಮಾಡಿದ್ದ. ಅಕ್ಕ ನರ್ಸಿಂಗ್ ಶಾಲೆಯ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಪಾಠ ಹೇಳುವ ಮೇಡಂ ಅಂದು ಸಂಜೆ ನಾಲ್ಕಕ್ಕೆ ಕೈ ನೋಡಲು ಬರುವವರಿದ್ದರು. ಮೆಚ್ಚಿದರೆ ಅವರ ಲ್ಯಾಬಿನಲ್ಲಿ ಕೆಲಸ.

ಅಕ್ಕ ಆಫೀಸಿಗೆ ಹೊರಟ ಮೇಲೆ ಅವನು ಕೈಗೆ ಮೊಬೈಲ್ ಚಾರ್ಜರ್ ಸಿಕ್ಕಿಸಿದ. ಕೈ ಎಂದಿನಂತೆ ಚಮಚ ಹಿಡಿಯಲು ಹೋಗಿ ಗಡಗಡ ನಡುಗಿತು.

"ಚಳಿಜ್ವರವೇನಯ್ಯ ಇದಕ್ಕೆ?" ಮೇಲ್ಮನೆಯ ರಿಟೈರ್ಡ್ ಗುಮಾಸ್ತರು ಕರೆಯದೆಯೇ ಬಂದು ನಿಂತಿದ್ದರು.

"ಆರೂ ಮೋಟಾರು ಒಟ್ಟಿಗೆ ಎಳೆದ್ರೆ ಹತ್ತು ಆಂಪಿಯರ್ ಬೇಕು ಅಂಕಲ್. ಇದು ಕೊಡೋದು ಎರಡು. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ."

ಗುಮಾಸ್ತರು ಮೇಲೆ ಹೋಗಿ ಇಂಟರ್‌ನೆಟ್ ಡಬ್ಬಿಯ ಅಡಾಪ್ಟರ್ ತಂದರು. "ಹನ್ನೆರಡು ವೋಲ್ಟ್ ಇದೆ. ಹಾಕು."

"ಬೇಕಿರೋದು ಆರು."

"ಜಾಸ್ತಿ ಇದ್ರೆ ಒಳ್ಳೇದಲ್ವೇನೋ? ಸಂಬಳ ಡಬಲ್ ಮಾಡಿದ್ರೆ ಬೇಡ ಅಂತೀಯಾ?"

"ಸಂಬಳ ಜಾಸ್ತಿಯಾದ್ರೆ ನಾನು ಸುಟ್ಟುಹೋಗಲ್ಲ ಅಂಕಲ್. ಇದು ಹೋಗತ್ತೆ."

ಸರಿಯಾದ ಸಪ್ಲೈ ಕೇಳಲು ಅವನು ಟೀವಿ ರಿಪೇರಿ ಅಂಗಡಿಗೆ ಮೂರು ಸಲ ಓಡಿದ. ಒಮ್ಮೆ ಬಾಗಿಲು ಹಾಕಿತ್ತು. ಒಮ್ಮೆ ರಿಪೇರಿಯವನು ಊಟಕ್ಕೆ ಹೋಗಿದ್ದ. ಮೂರೂವರೆಗೆ ಅಂತೂ ಅವನ ಕೈಕಾಲು ಹಿಡಿದು, ಗುಂಡಿ ತಿರುವಿದಷ್ಟು ವೋಲ್ಟ್ ಕೊಡುವ ಕಬ್ಬಿಣದ ಡಬ್ಬಿಯನ್ನು ಹಸುಗೂಸಿನಂತೆ ಎದೆಗವಚಿಕೊಂಡು ಬಂದ. ಆರಕ್ಕೆ ನಿಲ್ಲಿಸಿದ. ಕೈ ಚಮಚ ಎತ್ತಿತು. ನೀರು ತುಂಬಿದ ಲೋಟವನ್ನೂ ಎತ್ತಿತು. ಒಂದು ಹನಿ ಚೆಲ್ಲಲಿಲ್ಲ. ಬಹಳ ದಿನಗಳ ಮೇಲೆ ಅವನಿಗೆ ಹಸಿವಾಯಿತು.

ಅಕ್ಕನ ಜೊತೆ ಮೇಡಂ ಬಂದರು. ಲೋಟ ಏರಿದ್ದನ್ನು, ಇಳಿದದ್ದನ್ನು ನೋಡಿದರು. ಅವರ ಮುಖ ಸಪ್ಪಗಾಯಿತು.

"ಇದು ನಡುಗಲ್ವಾ?"

"ಒಂಚೂರೂ ಇಲ್ಲ ಮೇಡಂ."

"ನಡುಗೋ ಕೈ ಅಂತ ನಿಮ್ಮಕ್ಕ ಹೇಳಿದ್ರಲ್ಲ, ಅದಕ್ಕೇ ಬಂದೆ. ವಯಸ್ಸಾದವರ ನಡುಗೋ ಕೈಗೆ ಸೂಜಿ ಹಾಕೋದನ್ನ ನಮ್ಮ ಹುಡುಗೀರಿಗೆ ಕಲಿಸ್ಬೇಕು. ಸುಮ್ನಿರೋ ಕೈ ನಮ್ಮಲ್ಲಿ ರಾಶಿ ಬಿದ್ದಿದೆ."

ಅವನು ಅಕ್ಕನ ಮುಖ ನೋಡಿದ.

"ದಿನಾ ನಡುಗ್ತಿತ್ತಲ್ಲೋ," ಎಂದಳು ಅಕ್ಕ, "ಅದೇ ಅದರ ಕೆಲಸ ಅನ್ಕೊಂಡೆ."

"ಒಂದು ನಿಮಿಷ ಮೇಡಂ, ನಡುಗಿಸ್ತೀನಿ," ಎಂದು ಚಾರ್ಜರ್ ಹುಡುಕಲು ಅವನು ಒಳಗೆ ಓಡಿದ.

"ಅದಕ್ಕೆ ಅವನೇ ಬರಬೇಕೇನು," ಎಂದು ಬಾಗಿಲಲ್ಲಿ ನಿಂತಿದ್ದ ಗುಮಾಸ್ತರು ಬಂದು ಡಬ್ಬಿಯ ಗುಂಡಿಯನ್ನು ಕೊನೆಯವರೆಗೂ ತಿರುವಿದರು.

ಕೈ ನಡುಗಿತು. "ಹಾ, ಇದೇ," ಎಂದು ಮೇಡಂ ಮುಂದೆ ಬಾಗಿದರು. ಅಷ್ಟರಲ್ಲಿ ಮಣಿಕಟ್ಟಿನಿಂದ ಹೊಗೆ ಎದ್ದಿತು.

ಅವನು ಚಾರ್ಜರ್ ಹಿಡಿದು ಬರುವಷ್ಟರಲ್ಲಿ ಮೇಡಂ ಮೂಗಿಗೆ ಸೆರಗು ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ಡಬ್ಬಿಗೆ ಏನೂ ಆಗಿರಲಿಲ್ಲ. ಹೋದದ್ದು ಆರು ಮೋಟಾರು, ಒಂದು ಬೋರ್ಡು, ಒಂದು ಕೆಲಸ.