ಗುರಣ್ಣನ ಲಗ್ನಕ್ಕೆ ಬಂದ ಗಡಿಯಾರದ ಸಿನಿಮಾ

ಆಳಂದ ತಾಲೂಕಿನ ಮಟಕಿ ಊರಿನ ಗುರಣ್ಣನ ಪೇಚಾಟಕ್ಕೆಲ್ಲ ಮೂಲ ಅವನ ಮೀಸೆ. ತೊಗರಿ ಹೇರಿಕೊಂಡು ಕಲಬುರ್ಗಿಯ ಗಂಜ್ ಮಾರುಕಟ್ಟೆಗೆ ಹೋದವನ ಮುಂದೆ ಸಿನಿಮಾದವರ ಕಾರೊಂದು ಗಕ್ಕನೆ ನಿಂತಿತು. ಅವರ ಖಳನಾಯಕ ಸಿಟ್ಟು ಮಾಡಿಕೊಂಡು ಬೆಂಗಳೂರಿನ ರೈಲು ಹತ್ತಿದ್ದ. ಅವನ ಮೀಸೆಯೂ ಗುರಣ್ಣನ ಮೀಸೆಯೂ ಒಂದೇ ಅಚ್ಚಿನವು. ಸಿನಿಮಾದವರು ಮೊದಲ ದಿನ ಗುರಣ್ಣನನ್ನು ಗೋದಾಮಿನ ನೆಲದ ಮೇಲೆ ಮಲಗಿಸಿದರು, ಮರುದಿನ ಕೈಗೊಂದು ಸೂಟ್‌ಕೇಸು ಕೊಟ್ಟು ಓಡಿಸಿದರು, ಅದರ ಮರುದಿನ ತಲೆಗೂ ಮೀಸೆಗೂ ಬಿಳಿ ಪುಡಿ ಬಳಿದು ಖಾಲಿ ರಸ್ತೆಯಲ್ಲಿ ನಡೆಸಿ, ದೊಡ್ಡ ಗಡಿಯಾರದ ಪಕ್ಕ ನಿಲ್ಲಿಸಿ ನಗು ಎಂದರು. ಯಾಕೆ ಮಲಗಿದ್ದು, ಯಾಕೆ ಓಡಿದ್ದು, ಯಾಕೆ ನಕ್ಕಿದ್ದು ಎಂದು ಅವನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ವರ್ಷದ ಮೇಲೆ ಆ ಸಿನಿಮಾ ಆಳಂದಕ್ಕೆ ಬಂತು. ಕಾಲವನ್ನೇ ಹಿಂದಕ್ಕೆ ತಿರುಗಿಸಿ ಕೊಲೆಗಾರನನ್ನು ಹಿಡಿಯುವ ಕತೆಯಂತೆ. ಜನ ಅದರ ಹೆಸರಿನ ಗೊಡವೆಗೆ ಹೋಗದೆ ಗಡಿಯಾರದ ಸಿನಿಮಾ ಎಂದು ಕರೆದರು. ಸರಿಯಾಗಿ ಅದೇ ವೇಳೆಗೆ ಗುರಣ್ಣನಿಗೆ ಅಫಜಲಪುರದ ದೌಲತರಾಯರ ಮಗಳು ಕಸ್ತೂರಿಬಾಯಿಯನ್ನು ತರುವ ಮಾತು ನಡೆದಿತ್ತು. ಹುಡುಗಿಯನ್ನು ನೋಡಿ ಬಂದಂದಿನಿಂದ ಗುರಣ್ಣನಿಗೆ ಊಟ ರುಚಿಸುತ್ತಿರಲಿಲ್ಲ. ಅತ್ತ ಕಡೆಯಿಂದ ಹೂಂ ಎನ್ನುವುದೊಂದೇ ಬಾಕಿ.

ಗುರಣ್ಣನ ತಾಯಿ ನಿಂಬೆವ್ವ ಅಫಜಲಪುರಕ್ಕೆ ಹೇಳಿ ಕಳಿಸಿದಳು. "ಹುಡುಗನ ಬಗ್ಗೆ ಮಂದೀನ್ನ ಏನ್ ಕೇಳ್ತೀರಿ? ಆಳಂದಕ್ಕ ಬರ್ರಿ. ನನ್ನ ಮಗ ಎಂಥಾವ ಅಂಬೋದು ಪರದೆ ಮ್ಯಾಲೇ ನೋಡ್ರಿ."

ಹೀಗಾಗಿ ಭಾನುವಾರದ ಮ್ಯಾಟಿನಿಗೆ ಮಟಕಿಯ ಜನ ಟ್ರ್ಯಾಕ್ಟರಿನಲ್ಲಿ ಬಂದರು, ಬೀಗರು ಜೀಪಿನಲ್ಲಿ ಬಂದರು. ಟಾಕೀಸಿನಲ್ಲಿ ಗಂಡಸರಿಗೂ ಹೆಂಗಸರಿಗೂ ನಡುವೆ ಎದೆಯೆತ್ತರದ ಗೋಡೆ. ಈಚೆಗೆ ದೌಲತರಾಯರು, ಗುರಣ್ಣ, ತೊಗರಿಯ ಜೊತೆ ಕಲಬುರ್ಗಿಗೆ ಹೋಗಿದ್ದ ಅವನ ನೆರೆಮನೆಯ ದರ್ಜಿ ಶರಫುದ್ದೀನ. ಆಚೆಗೆ ನಿಂಬೆವ್ವ, ಕಸ್ತೂರಿಬಾಯಿ, ದೌಲತರಾಯರ ತಾಯಿ ತುಳಜಾಬಾಯಿ.

ದೀಪ ಆರಿತು. ಸ್ವಲ್ಪ ಹೊತ್ತಿನಲ್ಲೇ ಪರದೆಯ ಮೇಲೆ ಆ ಮೀಸೆ ಕಾಣಿಸಿತು. ಟಾಕೀಸಿನ ತುಂಬ ಸಿಳ್ಳೆ.

"ಅಂವನೇ ನೋಡ್ರಿ, ನನ್ನ ಮಗ!" ಎಂದು ನಿಂಬೆವ್ವ ಹೇಳಿ ಮುಗಿಸುವಷ್ಟರಲ್ಲಿ ಕರಿ ಶಾಲು ಹೊದ್ದ ಯಾರೋ ಬಂದು ಗುರಣ್ಣನ ಹೊಟ್ಟೆಗೆ ಚಾಕು ಹಾಕಿಬಿಟ್ಟ. ಗುರಣ್ಣ ಗೋದಾಮಿನಲ್ಲಿ ದೊಪ್ಪನೆ ಬಿದ್ದ.

"ಅಯ್ಯೋ ನನ್ನ ಕೂಸೇ! ಯಾವ ಪಾಪಿ ಚುಚ್ಚಿದನೋ!" ನಿಂಬೆವ್ವ ಎದೆ ಬಡಿದುಕೊಂಡಳು. ಮಟಕಿಯ ಹೆಂಗಸರೆಲ್ಲ ದನಿಗೂಡಿಸಿದರು.

ಗುರಣ್ಣ ಗೋಡೆಯ ಮೇಲೆ ಬಗ್ಗಿ ಕೂಗಿದ. "ಯವ್ವಾ, ನಾ ಇಲ್ಲೇ ಅದೇನಿ!"

"ನೀ ಸುಮ್ಕಿರು ಲೇ! ಅಲ್ಲಿ ನನ್ನ ಮಗ ಸತ್ತು ಬಿದ್ದಾನ!"

ತುಳಜಾಬಾಯಿ ಮಾತ್ರ ಅಳಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. "ದೌಲತಾ, ಏಳು. ತಾಳಿ ಕಟ್ಟೋಕಿಂತ ಮೊದಲೇ ಇಂವ ನಮ್ಮ ಹುಡುಗಿ ಕುಂಕುಮ ಅಳಿಸಿದ."

"ನಾವು ಶರಣರ ಒಕ್ಕಲು. ಶಕುನ ಗಿಕುನ ನಂಬೋರಲ್ಲ," ಎಂದು ದೌಲತರಾಯರು ರುಮಾಲು ಕೊಡವಿಕೊಂಡು ತಾವೂ ಎದ್ದರು. "ಆದ್ರ ಕಣ್ಣಾರೆ ನೋಡಿದ ಮ್ಯಾಲೆ ಹ್ಯಾಂಗ್ರಿ?"

ಗುರಣ್ಣ ಅವರ ಧೋತರದ ಚುಂಗು ಹಿಡಿದುಕೊಂಡ. "ಮಾವಾರ, ಸ್ವಲ್ಪ ತಡೀರಿ. ಸತ್ತ ಮರುದಿನ ನಾ ಓಡೀನ್ರಿ!"

"ಸತ್ತಾವ ಓಡ್ತಾನೇನ್ರಿ?"

"ಇಂವ ಓಡ್ಯಾನ್ರಿ," ಎಂದ ಶರಫುದ್ದೀನ. "ಅಲ್ಲಾ ಕಸಮ್! ನಾ ತೊಗರಿ ಚೀಲದ ಮ್ಯಾಲೆ ಕುಂತು ನೋಡೀನಿ. ಏನ್ ಓಟಾ ಅಂತೀರಿ!"

ಒಬ್ಬ ಹುಚ್ಚನಾದರೆ ಸರಿ, ಇಬ್ಬರೂ ಒಂದೇ ಹುಚ್ಚು ಹೇಳುತ್ತಾರಲ್ಲ ಎಂದು ದೌಲತರಾಯರು ಅರ್ಧ ಕುಂಡೆ ಊರಿ ಕುಳಿತರು.

ಇಂಟರ್‌ವಲ್ ಹೊತ್ತಿಗೆ ಸತ್ತವನು ಏಳುತ್ತಾನಂತೆ ಎಂಬ ಸುದ್ದಿ ಬಸ್‌ಸ್ಟ್ಯಾಂಡಿನವರೆಗೂ ಹೋಗಿತ್ತು. ಹಿರೋಳ್ಳಿಯ ಮುದುಕನೊಬ್ಬ ಗುರಣ್ಣನ ಅಂಗಿ ಎತ್ತಿ ಹೊಟ್ಟೆ ಮುಟ್ಟಿ ನೋಡಿದ. ಗುರಣ್ಣ ಬೀಗರಿಗೆ ಸೋಡಾ ಒಯ್ದರೆ ತುಳಜಾಬಾಯಿ ಮುಖ ತಿರುಗಿಸಿದಳು. "ಸತ್ತವರ ಕೈಯಾಗಿಂದು ನನಗ ಬ್ಯಾಡಪ್ಪ."

ಮತ್ತೆ ಆಟ ಶುರುವಾಯಿತು. ಸಿನಿಮಾದ ಪೊಲೀಸ್ ಸಾಹೇಬ ಹಿಟ್ಟಿನ ಗಿರಣಿಯಂಥ ಯಂತ್ರ ಹತ್ತಿ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುವಿ, ಕೊಲೆಯಾದ ದಿನಕ್ಕೇ ಹೋಗಿ ಇಳಿದ. ಅದೇ ಗೋದಾಮು, ಅದೇ ಕರಿ ಶಾಲು, ಅದೇ ಚಾಕು.

"ಹಿಡೀರಿ ಸಾಹೇಬ್ರ! ನಿಮ್ಮ ಎಡಕ್ಕ ಅದಾನ!" ಇಡೀ ಟಾಕೀಸು ದಾರಿ ತೋರಿಸಿತು.

ಸಾಹೇಬ ಚಾಕು ಹಿಡಿದ ಕೈಯನ್ನು ಗಪ್ಪನೆ ಹಿಡಿದ. ಗುರಣ್ಣ ಸೂಟ್‌ಕೇಸು ಎತ್ತಿಕೊಂಡು ಓಡಿದ. ಅಬ್ಬಾ, ಎಂಥ ಓಟ! ಪರದೆಯ ಮುಂದೆ ಚಿಲ್ಲರೆ ಉದುರಿತು, ರುಮಾಲುಗಳು ಹಾರಿದವು.

"ಬದುಕ್ಯಾನೋ! ನಮ್ಮ ಆಳಂದ ತಾಲೂಕಿನವ!"

"ಅವನ ತಾಯಿ ನಮ್ಮ ಹಿರೋಳ್ಳಿ ಮಗಳು ಹೌದಲ್ಲೋ!" ಎಂದು ಹೊಟ್ಟೆ ಮುಟ್ಟಿ ನೋಡಿದ ಮುದುಕ ಪಾಲು ಕೇಳಿದ.

ನಿಂಬೆವ್ವ ಬೆಂಚಿನ ಮೇಲೆ ಹತ್ತಿ ನಿಂತಿದ್ದಳು. ಹಡೆದಾಗಲೂ ಆಕೆಗೆ ಇಷ್ಟು ಹೆಮ್ಮೆ ಆಗಿರಲಿಲ್ಲ. ಗುರಣ್ಣನಿಗಂತೂ ಕಣ್ಣು ತುಂಬಿ ಬಂದು ತನ್ನ ಓಟ ತನಗೇ ಮಸುಕಾಯಿತು. ಹೊಲ ಬಿಟ್ಟು ಏನೂ ಕಾಣದ ತನಗೆ ಇಷ್ಟೊಂದು ಜನ ಸಿಳ್ಳೆ ಹೊಡೆಯುತ್ತಿದ್ದಾರಲ್ಲ ಎಂದು ಎದೆ ಉಬ್ಬಿತು.

ಪರದೆಯ ಮೇಲೆ ಸಾಹೇಬ ಕೊಲೆಗಾರನ ಕರಿ ಶಾಲನ್ನು ಕಿತ್ತೆಳೆದ. ಬೆಳ್ಳನೆಯ ಕೂದಲು, ಬೆಳ್ಳನೆಯ ಮೀಸೆ. ಮೀಸೆಯನ್ನು ಎಲ್ಲರೂ ಗುರುತು ಹಿಡಿದರು. ಕೊಂದವನೂ ಗುರಣ್ಣನೇ!

"ಈ ಯುವಕ ಬೇರೆ ಯಾರೂ ಅಲ್ಲ, ನಾನೇ," ಎಂದ ಮುದಿ ಗುರಣ್ಣ, ಬೆಂಗಳೂರಿನ ಯಾರದೋ ಗಡಸು ದನಿಯಲ್ಲಿ. "ನನ್ನ ಯೌವನದ ಪಾಪಗಳನ್ನು ತಡೆಯಲು ಕಾಲವನ್ನು ದಾಟಿ ಬಂದೆ."

"ಎಷ್ಟ್ ಶುದ್ಧ ಮಾತಾಡ್ತಾನ ನೋಡ್ರಿ ನನ್ನ ಮಗ," ಎಂದಳು ನಿಂಬೆವ್ವ.

ಹಿಂದಿನಿಂದ ಯಾರೋ ತಗಾದೆ ತೆಗೆದರು. "ಅಲ್ರೀ, ಹುಡುಗ ಆಗಲೇ ಸತ್ತಿದ್ದ ಅಂದ್ರ, ಕೊಲ್ಲಾಕ ಬಂದ ಈ ಮುದುಕ ಹ್ಯಾಂಗ ಹುಟ್ಟಿದ?"

"ಮಟಕಿ ಮಂದಿ ಹಂಗೇ," ಎಂದು ಶರಫುದ್ದೀನ ತಿರುಗಿ ಕೂಗಿದ. "ಸಾಯೋದು ಒಂದ್ ಕೆಲಸ, ಮುದುಕರಾಗೋದು ಒಂದ್ ಕೆಲಸ. ಎರಡೂ ಮಾಡ್ತೀವಿ!" ಟಾಕೀಸು ಮತ್ತೊಮ್ಮೆ ಸಿಳ್ಳೆ ಹೊಡೆಯಿತು. ತಗಾದೆ ಅಲ್ಲಿಗೇ ಮುಗಿಯಿತು.

ಆದರೆ ದೌಲತರಾಯರ ತಲೆಯಲ್ಲಿ ಬೇರೆಯೇ ಲೆಕ್ಕ ನಡೆದಿತ್ತು. ಅವರು ಗೋಡೆಯ ಮೇಲೆ ಬಗ್ಗಿ ಹಿಗ್ಗಿನಿಂದ ಹೇಳಿದರು. "ನೋಡಿದಿ ಏನವ್ವ? ಹುಡುಗ ಕೂದಲಾ ಹಣ್ಣಾಗೋ ತನಕ ಬಾಳ್ತಾನ! ನಮ್ಮ ಕಸ್ತೂರಿ ಕುಂಕುಮಕ್ಕ ಇನ್ನೇನು ಭಯ? ನಿಂಬೆವ್ವಾರ, ಹೆಣ್ಣು ಕೊಟ್ಟೀವಿ!"

ಗುರಣ್ಣ ಅಲ್ಲೇ ಅವರ ಕಾಲು ಮುಟ್ಟಿದ. ಕಸ್ತೂರಿಬಾಯಿ ಮೊದಲ ಸಲ ತಲೆಯೆತ್ತಿ ಅವನನ್ನು ನೇರ ನೋಡಿ ನಕ್ಕಳು. ಬೀಗರ ಬಾಯಿ ಸಿಹಿ ಮಾಡಲು ಶರಫುದ್ದೀನ ಸಕ್ಕರೆ ತರಲು ಓಡಿದ.

ಸಿನಿಮಾ ಇನ್ನೂ ಸ್ವಲ್ಪ ಉಳಿದಿತ್ತು. ಮುದಿ ಗುರಣ್ಣ ಗಡಿಯಾರದ ಪಕ್ಕ ನಿಂತು ನಕ್ಕ. ಆಮೇಲೆ ಉದ್ದನೆಯ ರಸ್ತೆಯಲ್ಲಿ ಒಬ್ಬನೇ ನಡೆದು ಹೋದ. ಆಟ ಮುಗಿದು ದೀಪ ಹತ್ತಿತು. ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗ ತುಳಜಾಬಾಯಿ ಪರದೆಯತ್ತ ಬೆರಳು ತೋರಿಸಿದಳು.

"ದೌಲತಾ, ಇಂವ ಮುದುಕ ಆಗ್ಯಾನ, ಖರೇ. ನಮ್ಮ ಕಸ್ತೂರಿ ಎಲ್ಲಿ?"

"ಎಲ್ಲಿ ಅಂದ್ರ?"

"ಅಷ್ಟ್ ದೂರ ಒಬ್ಬನೇ ಹೊಂಟಾನಲ್ಲ, ಬಾಜೂಕ ಇರಬೇಕಾದಾಕಿ ಎಲ್ಲಿ? ನಮ್ಮ ಹುಡುಗಿ ಅವನಕಿಂತ ಮೊದಲೇ ಹ್ವಾದಳು ಅಂದಂಗಾತಲ್ಲೋ!"

ದೌಲತರಾಯರ ಮುಖ ಇಳಿಯಿತು. ಗುರಣ್ಣ ಗಾಬರಿಯಿಂದ ಗೋಡೆಗೆ ಜೋತುಬಿದ್ದ. "ಆಯೀ, ಹಂಗಲ್ರಿ! ನಿಮ್ಮ ಹುಡುಗಿಗೆ ಏನೂ ಆಗಿಲ್ರಿ! ಅದ್ರಾಗ ನನಗ ಲಗ್ನನೇ ಆಗಿಲ್ರಿ!"

"ಕೇಳಿದಿ ಏನು?" ಎಂದಳು ತುಳಜಾಬಾಯಿ. "ಅಂವನೇ ಹೇಳಾಕತ್ತಾನ ಆಗಿಲ್ಲ ಅಂತ. ಆಗದ ಲಗ್ನಕ್ಕ ನಾವ್ಯಾಕ ಸಕ್ಕರಿ ತಿನ್ನೋದು? ನಡೀ."

ಗುರಣ್ಣ ಬೀಗರ ಹಿಂದೆ ಓಡಲು ಹೋದ. ಆದರೆ ಆಳಂದದ ಜನ ಬಿಡಬೇಕಲ್ಲ. ಬಾಗಿಲಲ್ಲೇ ಅವನನ್ನು ಹಿಡಿದು ಹೆಗಲ ಮೇಲೆ ಎತ್ತಿ ಕುಣಿಸಿದರು. ಅಷ್ಟು ಎತ್ತರದಿಂದ ಅವನಿಗೆ ಅಫಜಲಪುರದ ಹಾದಿ ಹಿಡಿದ ಜೀಪು ಚೆನ್ನಾಗಿ ಕಂಡಿತು. ಹಿಂದಿನ ಸೀಟಿನಲ್ಲಿ ಕಸ್ತೂರಿಬಾಯಿ ತಿರುಗಿ ನೋಡುತ್ತಿದ್ದಳು.

ಕೆಳಗಿಳಿದ ಮೇಲೆ ಗುರಣ್ಣ ತಾಯಿಯ ಮುಂದೆ ಅಳುಮೋರೆ ಹಾಕಿ ನಿಂತ. "ಯವ್ವಾ, ನೀನರ ಹೋಗಿ ಹೇಳು. ಇಲ್ಲಾ ಅಂದ್ರ ಬ್ಯಾರೆ ಕಡೆ ಹೆಣ್ಣು ನೋಡು."

ಶರಫುದ್ದೀನ ತಂದ ಸಕ್ಕರೆಯನ್ನು ನಿಂಬೆವ್ವ ಮಗನ ಬಾಯಿಗೆ ಹಾಕಿ, ಎರಡೂ ಕೈಯಿಂದ ಅವನ ದೃಷ್ಟಿ ತೆಗೆದು ನೆಟಿಕೆ ಮುರಿದಳು. ಆಕೆಯ ಮುಖದಲ್ಲಿ ಹೆಮ್ಮೆ ಇನ್ನೂ ಹಾಗೇ ಇತ್ತು.

"ನೀ ಮುದುಕ ಆಗೋ ತನಕ ಒಬ್ಬನೇ ಇರ್ತಿ ಅಂಬೋದು ಇಡೀ ಆಳಂದ ನೋಡ್ಯಾದ ನನ್ನಪ್ಪ. ಸಿನಿಮಾದಾಗ ಇಲ್ಲದ ಸೊಸೀನ್ನ ನಾ ಎಲ್ಲಿಂದ ತರಲಿ?"