ಪರಮಣ್ಣನ ಲಾರಿಯ ಕಾವಲು ಹುದ್ದೆ

ಸೈನ್ಯದಿಂದ ನಿವೃತ್ತವಾಗುವ ಲಾರಿಗಳಿಗೆ ಪಿಂಚಣಿ ಇಲ್ಲ. ಅವುಗಳನ್ನು ಹರಾಜು ಹಾಕಲಾಗುತ್ತದೆ. 1979ರಲ್ಲಿ ಸಿಕಂದರಾಬಾದಿನಲ್ಲಿ ನಡೆದ ಅಂಥದೊಂದು ಹರಾಜಿನಲ್ಲಿ ದೇವದುರ್ಗ ತಾಲೂಕಿನ ಕುರಿಗಾರ ಪರಮಣ್ಣ ಒಂದು ಲಾರಿ ಕೊಂಡನು. ಅದಕ್ಕಾಗಿ ನಾಲ್ಕು ಮುದಿ ಕುರಿ ಬಿಟ್ಟು ಉಳಿದ ಹಿಂಡನ್ನೆಲ್ಲ ಮಾರಿದ್ದನು. ನಲವತ್ತು ವರ್ಷ ಬಿಸಿಲಲ್ಲಿ ಕುರಿ ಕಾದು ಅವನ ಕಾಲು ಸೋತಿದ್ದವು. ಉಳಿದ ಆಯುಷ್ಯವನ್ನಾದರೂ ನೆರಳಲ್ಲಿ ಕುಂತು ದುಡಿಯಬೇಕೆಂಬುದು ಅವನಿಗಿದ್ದ ಒಂದೇ ಆಸೆ. ಡ್ರೈವರನ ಪಕ್ಕದ ಸೀಟು ಮೆತ್ತಗಿರುವುದನ್ನು ಹರಾಜಿನ ದಿನವೇ ಒತ್ತಿ ನೋಡಿಕೊಂಡಿದ್ದನು.

ರಾಯಚೂರಿನ ಮೆಕ್ಯಾನಿಕ್ ಇಮಾಮಹುಸೇನ ಎರಡು ತಿಂಗಳಲ್ಲಿ ಆ ಲಾರಿಯನ್ನು ಸಂಸಾರಕ್ಕೆ ತಂದನು. ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸಿದ. ಎಡಕ್ಕಿದ್ದ ಸ್ಟೇರಿಂಗನ್ನು ಬಲಕ್ಕೆ ತಂದ. ಹಿಂದಿನ ತೊಟ್ಟಿಯನ್ನು ಕಟ್ಟಿಗೆ ಹಾಕಿ ಇನ್ನೂ ಮೂರು ಅಡಿ ಉದ್ದ ಮಾಡಿ, ಮೈಗೆಲ್ಲ ನೀಲಿ ಬಣ್ಣ ಬಳಿದ. ಕ್ಯಾಬಿನ್ ಚಾವಣಿಯಲ್ಲಿ ಒಂದು ದುಂಡನೆಯ ತೂತು ಮಾತ್ರ ಉಳಿದಿತ್ತು. ಯುದ್ಧಕಾಲದಲ್ಲಿ ಅದರಲ್ಲಿ ಸಿಪಾಯಿಯೊಬ್ಬ ಬಂದೂಕು ಹಿಡಿದು ನಿಲ್ಲುತ್ತಿದ್ದನಂತೆ. ಮಾನವಿಯ ಹತ್ತಿ ರಾಯಚೂರಿನ ಮಿಲ್ಲುಗಳಿಗೆ ಹೋಗುವ ಸುಗ್ಗಿ ಶುರುವಾಗಿತ್ತು. ತೂತನ್ನು ಆಮೇಲೆ ಮುಚ್ಚಿದರಾಯಿತೆಂದು ಇಬ್ಬರೂ ಲಾರಿಯನ್ನು ಪಾಸಿಂಗಿಗೆಂದು ಆರ್‌ಟಿಓ ಕಚೇರಿಗೆ ತಂದರು.

ಇನ್‌ಸ್ಪೆಕ್ಟರ್ ಹನುಮಂತ್ರಾಯರು ಪ್ರಾಮಾಣಿಕವಾಗಿ ತಪಾಸಣೆ ಮಾಡಿದರು. ಎಂಜಿನ್, ಸ್ಟೇರಿಂಗ್, ತೊಟ್ಟಿ ಮೂರನ್ನೂ ಅನುಮತಿಯಿಲ್ಲದೆ ಬದಲಿಸಲಾಗಿತ್ತು. ಆದರೆ ಅವು ಈಗಾಗಲೇ ಬದಲಾಗಿರುವುದರಿಂದ ಅನುಮತಿಯ ಪ್ರಶ್ನೆ ಉದ್ಭವಿಸುವುದಿಲ್ಲವೆಂದು ಬರೆದುಕೊಂಡರು. ಕೊನೆಗೆ ತೂತಿನತ್ತ ಪೆನ್ನು ತೋರಿಸಿ ಅದೇಕೆ ಎಂದು ಕೇಳಿದರು.

ಅಡವಿಯಲ್ಲಿ ಹಿಂಡು ಮೇಯುವಾಗ ಒಬ್ಬ ನಿಂತೇ ಇರಬೇಕು, ಕುಂತರೆ ತೋಳ ಬೀಳುತ್ತದೆ. ಇದು ಕುರಿಗಾರರ ರೂಢಿ. ಮನುಷ್ಯನೊಬ್ಬ ನಿಲ್ಲುವಷ್ಟೇ ಅಗಲದ ತೂತು ಕಂಡ ಪರಮಣ್ಣನಿಗೆ ಬೇರೇನೂ ಹೊಳೆಯಲಿಲ್ಲ.

"ಕಾವಲ ನಿಲ್ಲಾಕ್ರೀ ಸಾಹೇಬ್ರ. ಹಿಂದಿನ ಮಾಲು ಯಾರರ ನೋಡ್ಕೋತ ನಿಂತಿರಬೇಕಲ್ರೀ" ಎಂದನು.

ಹನುಮಂತ್ರಾಯರು ಸಿಬ್ಬಂದಿಯ ಕಾಲಮ್ಮಿನಲ್ಲಿ "ಕಾವಲುಗಾರ, ಒಬ್ಬ, ನಿಂತಿರತಕ್ಕದ್ದು" ಎಂದು ಬರೆದು ಸೀಲು ಒತ್ತಿದರು. ಹೊರಗೆ ಬಂದ ಮೇಲೆ ಇಮಾಮಹುಸೇನ ತಲೆ ಚಚ್ಚಿಕೊಂಡ. "ಗಾಳಿ ಆಡಾಕ ಅಂದಿದ್ರ ಮುಗದು ಹೋಗ್ತಿತ್ತಲ್ಲ, ಯಪ್ಪಾ."

ತೂತು ಮುಚ್ಚಲು ಅಪ್ಪಣೆ ಕೋರಿ ಪರಮಣ್ಣ ಅರ್ಜಿ ಕೊಟ್ಟನು. ಅರ್ಜಿಯ ಜೊತೆಗೆ ಮುದಿ ಕುರಿಗಳಲ್ಲೊಂದನ್ನು ಇನ್‌ಸ್ಪೆಕ್ಟರ ಮನೆಯ ಹಿತ್ತಲಲ್ಲಿ ಕಟ್ಟಿ ಬಂದನು. ಕುರಿಯನ್ನು ಸ್ವೀಕರಿಸಲಾಯಿತು, ಅರ್ಜಿಯನ್ನು ತಿರಸ್ಕರಿಸಲಾಯಿತು. ಬಂದ ಉತ್ತರ ಹೀಗಿತ್ತು: "ಸದರಿ ತೂತು ಈಗ ತೂತಾಗಿರದೆ ಹುದ್ದೆಯಾಗಿರುತ್ತದೆ. ಮಂಜೂರಾದ ಹುದ್ದೆಯನ್ನು ತಗಡು ಹೊಡೆದು ಮುಚ್ಚಲು ಅವಕಾಶವಿರುವುದಿಲ್ಲ. ಹುದ್ದೆ ಖಾಲಿ ಇರುವವರೆಗೆ ಲಾರಿ ಚಲಿಸತಕ್ಕದ್ದಲ್ಲ. ಅಭ್ಯರ್ಥಿಯು ಎಸ್ಸೆಸ್ಸೆಲ್ಸಿ ಪಾಸಾಗಿರತಕ್ಕದ್ದು."

ಎಸ್ಸೆಸ್ಸೆಲ್ಸಿ ಪಾಸಾಗಿ ಆರು ವರ್ಷದಿಂದ ಸೂಕ್ತ ಹುದ್ದೆಗಾಗಿ ಕಾಯುತ್ತಿದ್ದ ಗಡಿಗೆಪ್ಪ ಎಂಬವನು ಸುದೈವದಿಂದ ಹನುಮಂತ್ರಾಯರ ಹೆಂಡತಿಯ ತಮ್ಮನಾಗಿದ್ದನು. ಅವನನ್ನು ನೇಮಿಸಲಾಯಿತು. ಮೊದಲ ದಿನವೇ ತೂತಿಗೆ ಇಳಿಯಲು ಹೋಗಿ ಸೊಂಟದ ಹತ್ತಿರ ಸಿಕ್ಕಿಬಿದ್ದನು. ಇಮಾಮಹುಸೇನ ಎರಡು ಬಾಟಲಿ ಕುಸುಬೆ ಎಣ್ಣೆ ಸುರಿದು ಎಳೆದು ತೆಗೆಯಬೇಕಾಯಿತು. ಅವನ ಗಾತ್ರಕ್ಕೆ ತೂತನ್ನು ಹಿಗ್ಗಿಸೋಣವೆಂದರೆ ಮಿಲಿಟರಿ ಅಳತೆಯನ್ನು ಬದಲಿಸುವುದು ಅಪರಾಧ.

ಪರಿಹಾರ ನಿಯಮಗಳಲ್ಲಿಯೇ ಇತ್ತು. ಕಾವಲುಗಾರ ಅಸ್ವಸ್ಥನಿದ್ದಾಗ ಅವನ ಪರವಾಗಿ ಮಾಲಕನು ನಿಲ್ಲಬಹುದು, ಅದಕ್ಕೆ ವಿದ್ಯಾರ್ಹತೆ ಬೇಕಿಲ್ಲ. ಸೊಂಟ ತರಚಿಕೊಂಡು ಅಸ್ವಸ್ಥನೆನಿಸಿಕೊಂಡ ಗಡಿಗೆಪ್ಪ ಮೇಲ್ವಿಚಾರಣೆಗಾಗಿ ಕ್ಯಾಬಿನ್ನಿನಲ್ಲಿ ಕುಂತನು. ಕ್ಯಾಬಿನ್ನಿನಲ್ಲಿ ಇಬ್ಬರಿಗೆ ಮಾತ್ರ ಪರವಾನಗಿ. ಸ್ಟೇರಿಂಗ್ ಹಿಡಿಯಲು ಇಮಾಮಹುಸೇನ ಬೇಕೇ ಬೇಕು. ಹೀಗೆ ಲಾರಿ ಹತ್ತಿ ಹೇರಿಕೊಂಡು ಮಾನವಿಯಿಂದ ರಾಯಚೂರಿಗೆ ಹೊರಟಿತು, ಪರಮಣ್ಣ ತೂತಿನಲ್ಲಿ ನಿಂತನು.

ಮರುವರ್ಷ ಹರಾಜಿನಲ್ಲಿ ಕೊಂಡ, ತೂತಿಲ್ಲದ ಮಿಲಿಟರಿ ಲಾರಿಗಳನ್ನು ಚೆಕ್‌ಪೋಸ್ಟಿನಲ್ಲಿ ತಡೆದು ಕಾವಲುಗಾರನೆಲ್ಲಿ ಎಂದು ಕೇಳತೊಡಗಿದರು. ಇಮಾಮಹುಸೇನನ ಅಂಗಡಿಯ ಮುಂದೆ ತೂತು ಕೊರೆಸಿಕೊಳ್ಳುವವರ ಸಾಲು ಹತ್ತಿತು. ಹನುಮಂತ್ರಾಯರಿಗೆ ಎಸ್ಸೆಸ್ಸೆಲ್ಸಿ ಪಾಸಾದ ಬಂಧುಗಳು ಬಹಳ ಜನ ಇದ್ದರು. ಜಿಲ್ಲೆಯ ನಿರುದ್ಯೋಗ ಕಡಿಮೆಯಾಯಿತೆಂದು ಮೇಲಿನವರು ಪ್ರಶಂಸಾಪತ್ರ ಕಳಿಸಿದರು.

ಒಂದು ದಿನ ಪರಮಣ್ಣನ ಹೆಂಡತಿ ಆದೆಮ್ಮ ಬುತ್ತಿ ತಂದು ರಸ್ತೆಗೆ ನಿಂತಿದ್ದಳು. ಲಾರಿ ನಿಂತಿತು. ತೂತಿನಲ್ಲಿ ಸುಟ್ಟು ಕರಿಕಾಗಿದ್ದ ಗಂಡನ ಮುಖ ಕಂಡು ಬುತ್ತಿ ಹಿಡಿದೇ ಕೇಳಿದಳು.

"ನೆಳ್ಳಾಗ ಕುಂತು ದುಡೀತೀನಿ ಅಂತ ಕುರಿ ಮಾರಿದ್ಯಲ್ಲ?"

ಪರಮಣ್ಣನಿಗೆ ಸಿಟ್ಟೇನೂ ಇರಲಿಲ್ಲ. "ಕುರಿ ಹಿಂದ ನಿಲ್ಲೂದಲ್ದ ನಡೀಬೇಕಾಗಿತ್ತು. ಇಲ್ಲಿ ನಡಿಯಾಂಗಿಲ್ಲ, ಬರೇ ನಿಂತ್ರ ಸಾಕು" ಎಂದನು.

ಆದೆಮ್ಮನಿಗೂ ಅದು ಬಡ್ತಿಯೇ ಅನ್ನಿಸಿತು. ಬುತ್ತಿಯನ್ನು ಮೇಲಕ್ಕೆ ಎತ್ತಿದಳು. ಕ್ಯಾಬಿನ್ ಕಿಟಕಿಯಿಂದ ಗಡಿಗೆಪ್ಪ ಕೈ ಚಾಚಿ ಮೇಲ್ವಿಚಾರಣೆಯ ಪಾಲೆಂದು ಎರಡು ರೊಟ್ಟಿ ತೆಗೆದುಕೊಂಡು, ಮಿಕ್ಕ ಒಂದನ್ನು ಮಾಲಕನಿಗೆ ಕೊಟ್ಟನು.